ಏಳನೇ ಸ್ಲೈಡು

ಪ್ರಾಯೋಜಕರು ಇಬ್ಬರೇ ಸಿಕ್ಕರು.
ಸಹಕಾರಿ ಬ್ಯಾಂಕಿನವರು ಐದು ಸಾವಿರ ಕೊಟ್ಟು
ವೇದಿಕೆಗಿಂತ ಉದ್ದದ ಬ್ಯಾನರು ಕಟ್ಟಿಸಿದರು.
ದ್ರಾಕ್ಷಿ ಮಂಡಿಯ ನಾರೆಪ್ಪನವರು
'ದುಡ್ಡೆಲ್ಲಿ ಮೇಡಂ ಈ ವಾರ' ಎಂದು
ಇಪ್ಪತ್ತು ಕ್ರೇಟು ಹಣ್ಣನ್ನೇ ಕಳಿಸಿದರು.
ಹಾಗಾಗಿ ಚಿಕ್ಕಬಳ್ಳಾಪುರದ ನಮ್ಮ ಎಂಬಿಎ ವಿಭಾಗದಲ್ಲಿ
ಎಲ್ಲರಿಗಿಂತ ಮೊದಲು ಜೇನುನೊಣಗಳ ನೋಂದಣಿ.

ಕೇಸು ನಾನೇ ಬರೆದೆ.
ಹೊರಗಿನಿಂದ ಕೊಂಡರೆ ಡಾಲರಿನಲ್ಲಿ ಬೆಲೆ;
ಪ್ರಿನ್ಸಿಪಾಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
'ನಮ್ಮ ಕಡೆಯದೇ ಏನಾದರೂ' ಎಂದರು.
ಎರಡು ಶನಿವಾರ ಶಿಡ್ಲಘಟ್ಟದ ಬಸ್ಸು ಹಿಡಿದೆ.
ಇನಾಯತ್ ಪಾಷಾರ ರೀಲಿಂಗ್ ಶೆಡ್ಡು,
ಹನ್ನೆರಡು ಬೇಸಿನ್ನು, ಹದಿನಾಲ್ಕು ಜನ.
ಬೇಯುವ ಗೂಡಿನ ವಾಸನೆ ಸೀರೆಗೆ ಹತ್ತಿ
ವಾಪಸು ಬರುವಾಗ ಪಕ್ಕದ ಸೀಟು ಖಾಲಿಯೇ ಉಳಿಯಿತು.
ಸೌದೆಯ ಲೆಕ್ಕ, ಗೂಡಿನ ಹರಾಜು, ನೂಲಿನ ದರ,
ಕೋಟಿ ದಾಟಿದ ಹೊಸ ಯಂತ್ರದ ಕೊಟೇಶನ್ನು
ಎಲ್ಲ ಕೇಳಿ ಬರೆದುಕೊಂಡು
ಹನ್ನೆರಡು ಪುಟ ಇಂಗ್ಲಿಷಿಗೆ ಇಳಿಸಿದೆ.
ಪಾಷಾ ಅವರು 'ಮಿಸ್ಟರ್ ಎಂ' ಆದರು.
ಕೊನೆಯ ಸಾಲು ಹೊಳೆದಾಗ ರಾತ್ರಿ ಎರಡು ಗಂಟೆ:
ಐದೇ ಪದ, ತುದಿಗೊಂದು ಕೊಕ್ಕೆ.
ಬರೆದು, ಖುಷಿಯಲ್ಲಿ ಒಬ್ಬಳೇ ಕಾಫಿ ಕಾಸಿಕೊಂಡೆ.

ಬೆಂಗಳೂರಿನ ತಂಡಗಳು ದೇವನಹಳ್ಳಿಯಲ್ಲಿ ಸಿಕ್ಕಿಕೊಂಡವು.
ಪ್ರಮಾಣಪತ್ರದ 'ಸ್ಪರ್ಧೆ'ಯಲ್ಲಿ ಒತ್ತಕ್ಷರ ಬಿದ್ದುಹೋಗಿತ್ತು.
ಲಿಖಿತಾಳ ಪಟ್ಟಿಯಲ್ಲಿದ್ದ ಆಲ್ಫಾ ವುಲ್ವ್ಸ್
ಅಟೆಂಡರ್ ಮುನಿನಂಜಪ್ಪನ ಬಾಯಲ್ಲಿ
'ಮೇಡಂ, ತೋಳದೋರು ಬಂದ್ರು. ಊಟ ಎಷ್ಟು ಜನಕ್ಕೆ?'
ಮೂರನೇ ತೀರ್ಪುಗಾರರಿಗೆ ಬೆಳಿಗ್ಗೆಯೇ ಜ್ವರ.
ಕೊನೆಯ ಸಾಲಿನಲ್ಲಿ ಪಾಷಾ ಕೂತಿದ್ದರು,
'ಸುಮ್ಮನೆ ಬನ್ನಿ' ಎಂದು ಕರೆದಿದ್ದೆನಲ್ಲ.
ಕೈಹಿಡಿದು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದೆ.
ಎದುರಿನ ಫಲಕದಲ್ಲಿ ಇನ್ನೊಬ್ಬರ ಹೆಸರು,
ಹಿಂದೆ ಒಂದು ಡಾಕ್ಟರೇಟು.
ಇವರು ಯಾರೆಂದು ಯಾರಿಗೂ ಹೇಳಲಿಲ್ಲ.

ಏಳನೇ ಸ್ಲೈಡು.
ಲಾಭಕ್ಕೆ ಹಸಿರು ಬಾಣ, ಕೂಲಿಗೆ ಕೆಂಪು ಬಾಣ,
ಹದಿನಾಲ್ಕು ಕರಗಿ ಅದರ ಜಾಗದಲ್ಲಿ ನಾಲ್ಕು ಮೂಡಿತು,
ಮೂಡುವಾಗ ಒಂದು ಸುತ್ತು ತಿರುಗಿತು ಕೂಡ.
ಪಾಷಾ ಮೈಕು ಎತ್ತಿಕೊಂಡು ಊದಿ ನೋಡಿದರು.
'ಯಾವ ನಾಲ್ಕು ಜನ?'
ನೀಲಿ ಕೋಟಿನ ಹುಡುಗ ತಡವರಿಸಲಿಲ್ಲ:
'ಸ್ಕಿಲ್ ಮ್ಯಾಟ್ರಿಕ್ಸ್ ಪ್ರಕಾರ, ಸರ್...'
'ಅಲ್ಲಪ್ಪಾ, ಹೆಸರು.
ಗುಲ್ಜಾರ್ ಬಿ ಕಣ್ಣು ಮುಚ್ಕೊಂಡು ಎಳೆ ಹಿಡೀತಾಳೆ,
ಆದರೆ ಅವಳಿಗೆ ಅರವತ್ತು.
ಪಿಳ್ಳಮ್ಮ ದಿನಾ ತಡ. ಬಾಯ್ಲರು ಕೆಟ್ಟರೆ ಅವಳೇ ಬೇಕು.
ಅಕ್ರಮ್ ನನ್ನ ತಂಗಿ ಮಗ, ಏನೂ ಬರಲ್ಲ.'
ಸಭೆ ನಕ್ಕಿತು. ಅವರು ನಗಲಿಲ್ಲ.
'ಮೂರು ವರ್ಷದಿಂದ ರಾತ್ರಿ ಹೊತ್ತು ಇದೇ ಲೆಕ್ಕ ಹಾಕ್ತಿದೀನಿ.
ನೀವೆಲ್ಲ ಓದಿದೋರು, ಹೇಳ್ತೀರಿ ಅಂತ
ಇವತ್ತು ಶೆಡ್ಡಿಗೆ ರಜಾ ಕೊಟ್ಟು ಬಂದೆ.'

ಫ್ಯಾನು ಮಾತ್ರ ತಿರುಗುತ್ತಿತ್ತು.
ಹುಡುಗನ ಬೆರಳು ಗೊತ್ತಿಲ್ಲದೆ ಗುಂಡಿ ಒತ್ತಿತು,
ಎಂಟನೇ ಸ್ಲೈಡಿನಲ್ಲಿ ದೊಡ್ಡದಾಗಿ 'ಥ್ಯಾಂಕ್ ಯೂ'.

ಬಹುಮಾನ ಅವರಿಗೇ ಹೋಯಿತು, ನಿಯಮ ನಿಯಮವೇ.
ಪಾಷಾರ ಅಂಕದ ಹಾಳೆ ಖಾಲಿಯಿತ್ತು;
ಉಳಿದಿಬ್ಬರದನ್ನು ಕೂಡಿ ಎರಡರಿಂದ ಭಾಗಿಸಿದೆವು.

ಸಂಜೆ ಉಳಿದ ದ್ರಾಕ್ಷಿಯಲ್ಲಿ ಒಂದು ಕ್ರೇಟನ್ನು
ಅವರ ಮೊಪೆಡ್ಡಿನ ಮುಂದೆ ಇಡಿಸಿದೆ.
ಕೇಸಿನ ಝೆರಾಕ್ಸನ್ನು ನಾಲ್ಕಾಗಿ ಮಡಿಸಿ ಜೇಬಿಗಿಡುತ್ತ
'ಕೊನೇ ಸಾಲು ಏನು ಮೇಡಂ,
ಎಲ್ಲರೂ ಅದನ್ನೇ ಓದ್ತಿದ್ದರಲ್ಲ? ಕನ್ನಡದಲ್ಲಿ ಹೇಳಿ.'

ಎದುರಿಗೆ ನಿಂತವರನ್ನು 'ಅವನು' ಎನ್ನಲು ಬಾಯಿ ಬರಲಿಲ್ಲ.
'ಈಗ ಅವರು ಏನು ಮಾಡಬೇಕು?' ಎಂದೆ.

'ಅವರು ಅಂದರೆ...'
ಕ್ರೇಟನ್ನು ಕಾಲಿನಿಂದ ಸ್ವಲ್ಪ ಒಳಕ್ಕೆ ಸರಿಸಿ
ಗಾಡಿ ಶುರು ಮಾಡದೆ ಕೇಳಿದರು,
'ನಾನೋ? ಅವರೋ?'